ಕೊನೇ ರೌಂಡಿನಲ್ಲಿ ಸೇರಿ ಫಸ್ಟ್ ಸೆಮ್ ಮ್ಯಾಥ್ಸ್ ದಾಟಿದ್ದು

ಮೊನ್ನೆ ಇಂಜಿನಿಯರಿಂಗ್ ಫಸ್ಟ್ ಸೆಮ್ ರಿಸಲ್ಟ್ ಬಂತು. ಮ್ಯಾಥ್ಸ್ ಪಾಸ್, ಬಿ ಪ್ಲಸ್. ನಮ್ಮ ಕ್ಲಾಸಿನಲ್ಲೇ ಇದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿದವರಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಮೊದಲ ದಿನದಿಂದ ಕ್ಲಾಸಿನಲ್ಲಿ ಕೂತವರು. ನಾನು ಬಂದಿದ್ದು ಕೆಇಎ ಸೀಟು ಹಂಚುವ ಕೊನೇ ರೌಂಡಿನಲ್ಲಿ, ಆಗಲೇ ಒಂದು ಮಾಡ್ಯೂಲ್ ಮುಗಿಯುತ್ತಾ ಬಂದಿತ್ತು. ಹೀಗೆ ತಡವಾಗಿ ಬರುವವರು ಪ್ರತಿ ವರ್ಷ ಇರುತ್ತಾರೆ, ಅವರನ್ನು ಕೂರಿಸಿಕೊಂಡು ಹೇಳುವವರು ಯಾರೂ ಇರುವುದಿಲ್ಲ. ಎಲ್ಲಾ ನೆನಪಿರುವಾಗಲೇ ಬರೆದಿಟ್ಟರೆ ಅಂಥವರಿಗೆ ಉಪಯೋಗ ಆಗಬಹುದು ಅನ್ನಿಸಿತು.

ನಾನು ಓದಿದ್ದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) 2022ರ ಸ್ಕೀಮ್, ಅಂದರೆ ಆ ವರ್ಷದ ಪಠ್ಯಕ್ರಮ, ಎಲೆಕ್ಟ್ರಾನಿಕ್ಸ್. ಪೇಪರ್ ಕೋಡ್ ಬಿಎಂಎಟಿಇ101. ಕಂಪ್ಯೂಟರ್ ಸೈನ್ಸ್‌ನವರ ಕೋಡಿನಲ್ಲಿ ಆ ಇ ಬದಲು ಎಸ್ ಇರುತ್ತದೆ. ಐದು ಮಾಡ್ಯೂಲ್‌ಗಳಲ್ಲಿ ನಾಲ್ಕನೆಯದು ಅವರಿಗೆ ಮಾಡ್ಯುಲರ್ ಅರಿಥ್ಮೆಟಿಕ್, ನಮಗೆ ಡಬಲ್ ಟ್ರಿಪಲ್ ಇಂಟಿಗ್ರಲ್. ಉಳಿದದ್ದು ಹೆಚ್ಚುಕಮ್ಮಿ ಒಂದೇ. ಸ್ಕೀಮ್ ಬದಲಾಗುತ್ತಾ ಇರುತ್ತದೆ, ಹಾಗಾಗಿ ಸೀನಿಯರ್ ಕೊಟ್ಟ ನೋಟ್ಸ್ ಯಾವ ಸ್ಕೀಮಿನದು ಅಂತ ನೋಡಿಕೊಂಡೇ ಓದಿ. ಸಿಲಬಸ್ ಪಿಡಿಎಫ್ ವಿಟಿಯು ವೆಬ್‌ಸೈಟಿನಲ್ಲಿ ಫ್ರೀ ಸಿಗುತ್ತದೆ. ಪ್ರಿಂಟ್ ತೆಗೆಸಿ ಮೇಜಿನ ಮುಂದೆ ಅಂಟಿಸಿಕೊಳ್ಳಿ.

ನಮ್ಮೂರು ರಾಯಚೂರು ಜಿಲ್ಲೆ, ಲಿಂಗಸುಗೂರು ಕಡೆ. ಹತ್ತನೇ ತನಕ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ. ಸೀಟಿಗೆ ಕಾದ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದೇ ಬೇರೆ ಕಥೆ. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಸರ್ಟಿಫಿಕೇಟಿಗೆ ಅಸಿಸ್ಟೆಂಟ್ ಕಮಿಷನರ್ ಆಫೀಸು, ಜಾತಿ ಆದಾಯಕ್ಕೆ ನಾಡಕಚೇರಿ, ಗ್ರಾಮೀಣ ಮತ್ತು ಕನ್ನಡ ಮೀಡಿಯಂ ಸರ್ಟಿಫಿಕೇಟಿಗೆ ಶಾಲೆ, ಆಮೇಲೆ ಅದರ ಮೇಲೆ ಬಿಇಒ ಸಹಿ. ಅಪ್ಪ ಹೊಲದ ಕೆಲಸ ಬಿಟ್ಟು ಓಡಾಡಿದರು. ಎಲ್ಲಾ ಆಗಿ ಅಡ್ಮಿಷನ್ ಆರ್ಡರ್ ಕೈಗೆ ಬಂದಾಗ ಬೆಂಗಳೂರಿನ ಆ ಕಾಲೇಜಿನಲ್ಲಿ ಕ್ಲಾಸು ಶುರುವಾಗಿ ವಾರಗಳೇ ಆಗಿದ್ದವು. ಕಾಲೇಜಿನವರು ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿಸಿ ಇಟ್ಟುಕೊಳ್ಳುತ್ತಾರೆ. ಕೊಡುವ ಮೊದಲು ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ, ಜೆರಾಕ್ಸ್ ಐದಾರು ಸೆಟ್ ಮಾಡಿಸಿ. ಸ್ಕಾಲರ್‌ಶಿಪ್ಪಿಗೆ, ಬಸ್ ಪಾಸಿಗೆ, ಬ್ಯಾಂಕಿಗೆ, ಹಾಸ್ಟೆಲಿಗೆ ಎಲ್ಲಾ ಕಡೆ ಅದನ್ನೇ ಕೇಳುತ್ತಾರೆ.

ತಡವಾಗಿ ಸೇರುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಒಂದಿದೆ. ಅಟೆಂಡೆನ್ಸ್ ಎಂದಿನಿಂದ ಎಣಿಸುತ್ತೀರಿ? ವಿಟಿಯುನಲ್ಲಿ 85 ಪರ್ಸೆಂಟ್ ಬೇಕು. ಕ್ಲಾಸು ಶುರುವಾದ ದಿನದಿಂದ ಎಣಿಸಿದರೆ ನಮ್ಮಂಥವರ ಕಥೆ ಬಂದ ದಿನವೇ ಮುಗಿದ ಹಾಗೆ. ನಮ್ಮಲ್ಲಿ ಸೇರಿದ ದಿನದಿಂದ ಎಣಿಸಿದರು, ಆದರೆ ಆಫೀಸಿನಲ್ಲಿ ಒಬ್ಬರು ಒಂದು ಹೇಳಿದರು, ಡಿಪಾರ್ಟ್‌ಮೆಂಟಿನಲ್ಲಿ ಇನ್ನೊಬ್ಬರು ಇನ್ನೊಂದು ಹೇಳಿದರು. ಕೊನೆಗೆ ಅಡ್ಮಿಷನ್ ಆರ್ಡರ್ ಜೆರಾಕ್ಸ್ ಹಚ್ಚಿ ಎಚ್‌ಒಡಿಗೆ ಒಂದು ಲೆಟರ್ ಬರೆದುಕೊಟ್ಟು, ಅದರ ಕಾಪಿ ಮೇಲೆ ಸಹಿ ಹಾಕಿಸಿಕೊಂಡೆ. ಬಾಯಿಮಾತನ್ನು ನಂಬಬೇಡಿ, ನೀವೂ ಹೀಗೇ ಮಾಡಿ.

ಮೊದಲ ಮ್ಯಾಥ್ಸ್ ಕ್ಲಾಸು. ಮೇಡಂ ರೇಡಿಯಸ್ ಆಫ್ ಕರ್ವೇಚರ್ ಮಾಡುತ್ತಿದ್ದರು, ಬೋರ್ಡ್ ತುಂಬಾ ಡ್ಯಾಶು, ಡಬಲ್ ಡ್ಯಾಶು, ಮೇಲೆ ಥ್ರೀ ಬೈ ಟೂ ಪವರ್. ಪಕ್ಕದ ಹುಡುಗಿಯ ಪುಸ್ತಕ ಇಸಿದುಕೊಂಡು ಹಿಂದಿನ ಪುಟಗಳನ್ನು ತಿರುವಿದರೆ ಪೋಲಾರ್ ಕರ್ವ್ಸ್, ಫೈ, ಪೆಡಲ್ ಈಕ್ವೇಶನ್. ಪಿಯುಸಿಯಲ್ಲಿ ಎಕ್ಸ್ ವೈ ಬಿಟ್ಟು ಬೇರೆ ಏನನ್ನೂ ನೋಡದವಳಿಗೆ ಎಲ್ಲಾ ಆರ್ ಮತ್ತು ಥೀಟಾ. ಕ್ಲಾಸಿನ ಕೊನೆಗೆ ಮೇಡಂ ಫಸ್ಟ್ ಇಂಟರ್ನಲ್ ಟೆಸ್ಟಿನ ದಿನ ಹೇಳಿದರು. ಅದು ಮುಂದಿನ ವಾರವೇ ಇತ್ತು.

ಆ ರಾತ್ರಿ ಹಾಸ್ಟೆಲ್ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅತ್ತಿದ್ದೂ ಆಯಿತು. ಊರಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಅವ್ವ ವಾಪಸ್ ಬಾ ಅಂದುಬಿಡುತ್ತಾಳೆ, ನಾನೂ ಹೊರಟುಬಿಡುತ್ತೇನೆ ಅಂತ ಗೊತ್ತಿತ್ತು.

ನನ್ನನ್ನು ದಡ ಮುಟ್ಟಿಸಿದ್ದು ಎದುರು ರೂಮಿನ ಹಾಸನದ ಅಕ್ಕ, ಥರ್ಡ್ ಇಯರ್. ಅವರ ಹತ್ತಿರ ಹೋಗಿ "ಅಕ್ಕಾ, ನನಗ ಪೋಲಾರ್ ತಿಳಿವಲ್ದು" ಅಂದೆ. ಅವರು ಪೋಲಾರ್ ಶುರುಮಾಡಲೇ ಇಲ್ಲ. ಒಂದು ಹಾಳೆ ಕೊಟ್ಟು ಲಾಗ್ ಆಫ್ ಒಂದು ಪ್ಲಸ್ ಕಾಸ್ ಥೀಟಾ ಬರೆದು, ಇದನ್ನು ಡಿಫರೆನ್ಶಿಯೇಟ್ ಮಾಡು ಅಂದರು. ನಾನು ಪೆನ್ನು ಹಿಡಿದು ಕೂತೆ. ಕೆಳಗೆ ಒಂದು ಪ್ಲಸ್ ಕಾಸ್ ಬರುತ್ತದೆ ಅಂತ ಗೊತ್ತು, ಮೇಲೆ ಮೈನಸ್ ಸೈನ್ ಬರಬೇಕಾ ಪ್ಲಸ್ಸಾ ಅಂತ ಯೋಚಿಸುತ್ತಿದ್ದೆ. "ನೋಡು, ನಿಂಗೆ ಗೊತ್ತಿಲ್ದೇ ಇರೋದು ಇದು. ಪೋಲಾರ್ ಅಲ್ಲ. ಇದು ಪಿಯುಸಿದು ಕಣೇ" ಅಂದರು.

ಈ ಬರಹದಲ್ಲಿ ನಾನು ಹೇಳಬೇಕಾಗಿದ್ದೇ ಇದು. ಫಸ್ಟ್ ಸೆಮ್‌ನಲ್ಲಿ ಹೊಸದಾಗಿ ಕಲಿಯುವುದು ನಿಜಕ್ಕೂ ಕಮ್ಮಿ. ಒಂದೊಂದು ಮಾಡ್ಯೂಲ್‌ಗೆ ಮೂರು ನಾಲ್ಕು ಹೊಸ ಐಡಿಯಾ ಇರಬಹುದು, ಅಷ್ಟೇ. ಉಳಿದ ಬರವಣಿಗೆಯೆಲ್ಲಾ ಪಿಯುಸಿಯ ಚೈನ್ ರೂಲು, ಪ್ರಾಡಕ್ಟ್ ರೂಲು, ಬೈ ಪಾರ್ಟ್ಸು, ಹಾಫ್ ಆ್ಯಂಗಲ್ ಫಾರ್ಮುಲಾ. ಅದು ಬರುತ್ತದೆ ಅಂದುಕೊಂಡೇ ಪಾಠ ಮಾಡುತ್ತಾರೆ. ನಮಗೂ ಬರುತ್ತದೆ ಅನ್ನಿಸಿರುತ್ತದೆ, ಯಾಕಂದರೆ ಸಿಇಟಿ ಮಾಡಿ ಬಂದಿದ್ದೇವಲ್ಲ. ಆದರೆ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಆಪ್ಷನ್ ನೋಡಿ, ಎರಡನ್ನು ಹೊಡೆದುಹಾಕಿ, ಉಳಿದದ್ದರಲ್ಲಿ ಒಂದು ಬೆಲೆ ಹಾಕಿ ನೋಡಿ ಟಿಕ್ ಮಾಡುವುದನ್ನೇ ವರ್ಷವಿಡೀ ಕಲಿತಿರುತ್ತೇವೆ. ಇಲ್ಲಿ ಏಳು ಮಾರ್ಕಿನ ಒಂದು ಲೆಕ್ಕಕ್ಕೆ ಒಂದೂವರೆ ಪುಟ ಬರೆಯಬೇಕು, ಮೂರನೇ ಸಾಲಿನಲ್ಲಿ ಚಿಹ್ನೆ ತಪ್ಪಿದರೆ ಉತ್ತರ ಎಲ್ಲಿಗೋ ಹೋಗುತ್ತದೆ. ನೋಡಿಕೊಳ್ಳಲು ಕೆಳಗೆ ಆಪ್ಷನ್ ಇಲ್ಲ.

ಅಕ್ಕ ಕೊಟ್ಟ ಸಲಹೆ ಕೇಳಿ ಮೊದಲು ಸಿಟ್ಟು ಬಂತು. ಇಂಟರ್ನಲ್ ಬಿಟ್ಟುಬಿಡು, ಈ ವಾರ ಪೂರ್ತಿ ಸೆಕೆಂಡ್ ಪಿಯುಸಿ ಪುಸ್ತಕ ತೆಗೆದುಕೊಂಡು ಡಿಫರೆನ್ಶಿಯೇಷನ್ ಎಕ್ಸರ್‌ಸೈಜ್ ಮೊದಲಿಂದ ಮಾಡು, ಅಂದರು. ಪುಸ್ತಕ ಊರಲ್ಲಿತ್ತು. ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಅದರ ಪಿಡಿಎಫ್ ಫ್ರೀ ಸಿಗುತ್ತದೆ, ಫೋನಿನಲ್ಲೇ ತೆರೆದು ಮಾಡಿದೆ. ಇಂಗ್ಲಿಷ್ ಓದಿ ಸುಸ್ತಾದವರಿಗೆ ಇನ್ನೊಂದು ದಾರಿ ಇದೆ. ಎಐಸಿಟಿಇಯ ಇ-ಕುಂಭ್ ಪೋರ್ಟಲಿನಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲಿವೆ, ಅವೂ ಫ್ರೀ. ಅದರ ಕನ್ನಡ ಕೆಲವು ಕಡೆ ಕಬ್ಬಿಣದ ಕಡಲೆ, ಪಾರಿಭಾಷಿಕ ಪದಗಳು ಬಾಯಿಗೇ ಬರುವುದಿಲ್ಲ. ಆದರೂ ಒಂದು ಕಾನ್ಸೆಪ್ಟ್ ತಲೆಗೇ ಹೋಗುತ್ತಿಲ್ಲ ಅಂದಾಗ ಕನ್ನಡದಲ್ಲಿ ಒಮ್ಮೆ ಓದಿದರೆ ಗಂಟು ಸಡಿಲ ಆಗುತ್ತದೆ.

ಇಂಟರ್ನಲ್‌ನಲ್ಲಿ ಬಂದ ಮಾರ್ಕ್ಸ್ ನಿರೀಕ್ಷೆ ಇದ್ದಷ್ಟೇ ಕಮ್ಮಿ. ಬ್ಲೂ ಬುಕ್ ವಾಪಸ್ ಕೊಡುವಾಗ ಮೇಡಂ ಏನೂ ಅನ್ನಲಿಲ್ಲ, "ಲೇಟ್ ಅಡ್ಮಿಷನ್ನಾ?" ಅಂತ ಮಾತ್ರ ಕೇಳಿದರು. ಹೌದು ಮೇಡಂ ಅಂದೆ. ಊಟದ ಬ್ರೇಕಿನಲ್ಲಿ ಸ್ಟಾಫ್ ರೂಮಿಗೆ ಬಾ ಅಂದರು. ಹೋಗಿ ಕೇಳಬಹುದು ಅಂತಲೇ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಹೆಚ್ಚಿನ ಲೆಕ್ಚರರ್‌ಗಳು ಸ್ಟಾಫ್ ರೂಮಿಗೆ ಬಂದವರಿಗೆ ಹೇಳಿಕೊಡುತ್ತಾರೆ, ನಾವೇ ಬಾಗಿಲ ಹತ್ತಿರ ನಿಂತು ವಾಪಸ್ ಬರುತ್ತೇವೆ.

ಮೇಡಂ ಅವತ್ತು ಮಾಡಿಸಿದ ಲೆಕ್ಕ ಪ್ರತಿ ಪೇಪರಿನಲ್ಲೂ ಯಾವುದಾದರೂ ರೂಪದಲ್ಲಿ ಬರುತ್ತದೆ. ಎರಡು ಕಾರ್ಡಿಯಾಯ್ಡ್, ಅಂದರೆ ಹೃದಯದ ಆಕಾರದ ಕರ್ವ್. ಆರ್ ಸಮ ಎ ಇಂಟು ಒಂದು ಪ್ಲಸ್ ಕಾಸ್ ಥೀಟಾ, ಇನ್ನೊಂದು ಆರ್ ಸಮ ಬಿ ಇಂಟು ಒಂದು ಮೈನಸ್ ಕಾಸ್ ಥೀಟಾ. ಇವೆರಡೂ ಒಂದನ್ನೊಂದು ಲಂಬವಾಗಿ ಕತ್ತರಿಸುತ್ತವೆ ಅಂತ ತೋರಿಸಬೇಕು. ಮೊದಲು ಎರಡೂ ಕಡೆ ಲಾಗ್ ತೆಗೆಯಿರಿ, ಆಗ ಎ ಬೇರೆಯಾಗಿ ನಿಂತುಬಿಡುತ್ತದೆ, ಡಿಫರೆನ್ಶಿಯೇಟ್ ಮಾಡಿದರೆ ಮಾಯ. ಎಡಗಡೆ ಉಳಿಯುವುದು ಒಂದು ಬೈ ಆರ್ ಇಂಟು ಡಿ ಆರ್ ಬೈ ಡಿ ಥೀಟಾ, ಅದೇ ಕಾಟ್ ಫೈ. ಫೈ ಅಂದರೆ ಆರ್ ಗೆರೆಗೂ ಟ್ಯಾಂಜೆಂಟಿಗೂ ನಡುವಿನ ಕೋನ. ಬಲಗಡೆ ಮೈನಸ್ ಸೈನ್ ಥೀಟಾ ಬೈ ಒಂದು ಪ್ಲಸ್ ಕಾಸ್ ಥೀಟಾ. ಹಾಫ್ ಆ್ಯಂಗಲ್ ಹಾಕಿದರೆ ಅದು ಮೈನಸ್ ಟ್ಯಾನ್ ಥೀಟಾ ಬೈ ಟೂ. ಅಂದರೆ ಫೈ ಒನ್ ಬರುವುದು ಪೈ ಬೈ ಟೂ ಪ್ಲಸ್ ಥೀಟಾ ಬೈ ಟೂ. ಎರಡನೆಯದಕ್ಕೆ ಇದೇ ರೀತಿ ಮಾಡಿದರೆ ಫೈ ಟೂ ಬರೀ ಥೀಟಾ ಬೈ ಟೂ. ಕಳೆದರೆ ಪೈ ಬೈ ಟೂ. ಮುಗೀತು. ಇದರಲ್ಲಿ ಹೊಸದು ಅಂದರೆ ಕಾಟ್ ಫೈ ಸಾಲು ಒಂದೇ. ಉಳಿದದ್ದೆಲ್ಲಾ ಪಿಯುಸಿ. ಒಂದು ವಾರ ಹಳೇ ಲೆಕ್ಕ ಮಾಡಿ ಕೈ ಪಳಗಿದ್ದಕ್ಕೆ ಅವತ್ತು ಬೋರ್ಡ್ ನೋಡದೆ ನಾನೇ ಕೊನೇ ಸಾಲು ಬರೆದೆ.

ಎರಡನೇ ಮಾಡ್ಯೂಲ್‌ನಿಂದ ಕ್ಲಾಸಿನ ಜೊತೆಗೇ ಹೋಗಲು ಆಯಿತು. ಟೇಲರ್, ಮ್ಯಾಕ್ಲಾರಿನ್ ಸೀರೀಸ್, ಎಲ್ ಹಾಸ್ಪಿಟಲ್ ರೂಲ್, ಪಾರ್ಶಿಯಲ್ ಡಿಫರೆನ್ಶಿಯೇಷನ್, ಜಕೋಬಿಯನ್, ಮ್ಯಾಕ್ಸಿಮಾ ಮಿನಿಮಾ. ಮೇಡಂ ಆಗಾಗ ಕಥೆ ಹೇಳುತ್ತಿದ್ದರು. ನಾವು ಮ್ಯಾಕ್ಲಾರಿನ್ ಹೆಸರಲ್ಲಿ ಬರೆಯುವ ಸೈನ್ ಸೀರೀಸ್ ಅವನು ಹುಟ್ಟುವ ಸುಮಾರು ಮುನ್ನೂರು ವರ್ಷ ಮೊದಲೇ ಕೇರಳದ ಮಾಧವನಿಗೆ ಗೊತ್ತಿತ್ತಂತೆ. ಹಾಸ್ಪಿಟಲ್ ರೂಲಿನ ಕಥೆ ಇನ್ನೂ ಮಜಾ. ಅದನ್ನು ಕಂಡುಹಿಡಿದದ್ದು ಯೋಹಾನ್ ಬರ್ನೂಲಿ. ಹಾಸ್ಪಿಟಲ್ ಅನ್ನುವ ಫ್ರಾನ್ಸಿನ ಸಾಹುಕಾರ ಇವನಿಗೆ ವರ್ಷಕ್ಕೆ 300 ಲಿವ್ರ್ (ಆಗಿನ ಫ್ರೆಂಚ್ ಹಣ) ಕೊಟ್ಟು ಹೊಸ ಲೆಕ್ಕಗಳನ್ನೆಲ್ಲಾ ತನಗೇ ಕಳಿಸು ಅಂತ ಒಪ್ಪಂದ ಮಾಡಿಕೊಂಡಿದ್ದ, 1696ರಲ್ಲಿ ತನ್ನ ಪುಸ್ತಕದಲ್ಲಿ ಹಾಕಿಕೊಂಡ. ಮೂರನೇ ಮಾಡ್ಯೂಲ್‌ನಲ್ಲಿ ಬರುವ ಬರ್ನೂಲಿ ಈಕ್ವೇಶನ್ ಈ ಯೋಹಾನನ ಅಣ್ಣ ಯಾಕೋಬನದು. ಪರೀಕ್ಷೆಗೆ ಇದರಿಂದ ಅರ್ಧ ಮಾರ್ಕೂ ಬರುವುದಿಲ್ಲ ನಿಜ, ಆದರೆ ನನಗೆ ಆ ಸೂತ್ರಗಳ ಮೇಲಿದ್ದ ಭಯ ಅರ್ಧ ಹೋಗಿದ್ದು ಇಂಥ ಕಥೆಗಳಿಂದಲೇ.

ಮ್ಯಾಕ್ಸಿಮಾ ಮಿನಿಮಾ ಲೆಕ್ಕ ಬಿಡಲೇಬೇಡಿ. ಉದಾಹರಣೆಗೆ ಎಕ್ಸ್ ಕ್ಯೂಬ್ ಪ್ಲಸ್ ವೈ ಕ್ಯೂಬ್ ಮೈನಸ್ 3 ಎಕ್ಸ್ ಮೈನಸ್ 12 ವೈ ಪ್ಲಸ್ 20. ಒಮ್ಮೆ ಎಕ್ಸ್‌ನಿಂದ, ಒಮ್ಮೆ ವೈನಿಂದ ಡಿಫರೆನ್ಶಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿದರೆ ಎಕ್ಸ್ ಪ್ಲಸ್ ಅಥವಾ ಮೈನಸ್ 1, ವೈ ಪ್ಲಸ್ ಅಥವಾ ಮೈನಸ್ 2. ನಾಲ್ಕು ಪಾಯಿಂಟ್. ಒಂದು ಟೇಬಲ್ ಹಾಕಿ ನಾಲ್ಕಕ್ಕೂ ಚೆಕ್ ಮಾಡಿದರೆ 1, 2ರಲ್ಲಿ ಕನಿಷ್ಠ, ಬೆಲೆ 2. ಮೈನಸ್ 1, ಮೈನಸ್ 2ರಲ್ಲಿ ಗರಿಷ್ಠ, ಬೆಲೆ 38. ಉಳಿದ ಎರಡು ಸ್ಯಾಡಲ್ ಪಾಯಿಂಟ್, ಅಂದರೆ ಗರಿಷ್ಠವೂ ಅಲ್ಲ ಕನಿಷ್ಠವೂ ಅಲ್ಲ. ಆ ಎರಡನ್ನು ಏನೂ ಬರೆಯದೆ ಬಿಟ್ಟರೆ ಮಾರ್ಕ್ಸ್ ಹೋಗುತ್ತದೆ, ಸ್ಯಾಡಲ್ ಅಂತ ಬರೆದೇ ಮುಂದೆ ಹೋಗಿ.

ಮ್ಯಾಥ್ಸ್‌ಗೂ ಲ್ಯಾಬ್ ಇದೆ ಅಂತ ಕೇಳಿ ಊರಲ್ಲಿ ಯಾರೂ ನಂಬಲಿಲ್ಲ. ಇದೆ. ಪೈಥಾನ್‌ನಲ್ಲಿ ಮಾಡಿಸುತ್ತಾರೆ. ಇಂಟರ್ನಲ್ ಮಾರ್ಕ್ಸಿನಲ್ಲಿ ಅದಕ್ಕೂ ಪಾಲಿದೆ, ಹಾಗಾಗಿ ತಪ್ಪಿಸಬೇಡಿ. ನನ್ನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ, ಈಗಲೂ ಇಲ್ಲ. ಕಾಲೇಜಿನ ಸಿಸ್ಟಂನಲ್ಲಿ ಮಾಡುತ್ತಿದ್ದೆ, ರಾತ್ರಿ ಫೋನಿನಲ್ಲಿ ಗೂಗಲ್ ಕೊಲ್ಯಾಬ್ ತೆರೆದು ಪ್ರಾಕ್ಟೀಸ್ ಮಾಡುತ್ತಿದ್ದೆ. ಫೋನಿನಲ್ಲಿ ಕೋಡ್ ಟೈಪ್ ಮಾಡುವುದು ಹಿಂಸೆ, ಆದರೆ ಆಗುತ್ತದೆ. ಮೊದಲ ಸಲ ಕಾರ್ಡಿಯಾಯ್ಡ್ ಸ್ಕ್ರೀನ್ ಮೇಲೆ ಬಿಡಿಸಿದಾಗ ಅದು ವೀಳ್ಯದೆಲೆ ಹಾಗೆ ಕಂಡಿತು. ಎರಡನ್ನೂ ಒಟ್ಟಿಗೆ ಹಾಕಿ ಕತ್ತರಿಸುವ ಜಾಗ ಜೂಮ್ ಮಾಡಿದರೆ ಸರಿಯಾಗಿ ಪ್ಲಸ್ ಗುರುತು. ಅಷ್ಟು ದಿನ ಪುಸ್ತಕದಲ್ಲಿ ಸಾಬೀತು ಮಾಡುತ್ತಿದ್ದದ್ದು ಏನು ಅಂತ ಕಣ್ಣಿಗೆ ಕಂಡಿದ್ದು ಆಗಲೇ. ಪೋಲಾರ್ ಪಾಠ ಶುರುವಾಗುವ ಮೊದಲೇ ಈ ಚಿತ್ರ ತೋರಿಸಿದ್ದರೆ ಎಷ್ಟೋ ಜನಕ್ಕೆ ಅನುಕೂಲ ಆಗುತ್ತಿತ್ತು ಅಂತ ನನ್ನ ಅನಿಸಿಕೆ.

ಮೂರನೇ ಮಾಡ್ಯೂಲ್, ಡಿಫರೆನ್ಶಿಯಲ್ ಈಕ್ವೇಶನ್, ಬೇಗ ಹೇಳಿಬಿಡುತ್ತೇನೆ. ಸುಲಭ. ಎಕ್ಸ್ಯಾಕ್ಟ್, ಬರ್ನೂಲಿ, ಆರ್ಥೋಗೋನಲ್ ಟ್ರಾಜೆಕ್ಟರಿ, ಕ್ಲೆರಾಟ್, ಎಲ್ಲಕ್ಕೂ ದಾರಿ ಗೊತ್ತಿರುತ್ತದೆ, ನಡೆಯುವುದಷ್ಟೇ ಕೆಲಸ. ಎಲ್ ಆರ್ ಸರ್ಕಿಟ್ ಲೆಕ್ಕದಲ್ಲಿ ಕರೆಂಟ್ ಒಮ್ಮೆಲೇ ಏರುವುದಿಲ್ಲ, ನಿಧಾನಕ್ಕೆ ಇ ಬೈ ಆರ್ ಹತ್ತಿರ ಹೋಗುತ್ತದೆ ಅಂತ ಬರುತ್ತದಲ್ಲ, ಎಲೆಕ್ಟ್ರಾನಿಕ್ಸ್‌ನವರು ಅದನ್ನು ಮುಂದೆ ಸರ್ಕಿಟ್ ಪಾಠದಲ್ಲಿ ಮತ್ತೆ ನೋಡುತ್ತೀರಿ. ಒಂದೇ ಓದಿಗೆ ಎರಡು ಲಾಭ.

ನಾಲ್ಕನೆಯದು ಮಾತ್ರ ನನ್ನನ್ನು ಮತ್ತೆ ಅಲ್ಲಾಡಿಸಿತು. ಡಬಲ್ ಇಂಟಿಗ್ರಲ್ ಮಾಡುವುದು ಕಷ್ಟ ಅಲ್ಲ, ಒಳಗಿನದನ್ನು ಮಾಡಿ ಹೊರಗಿನದನ್ನು ಮಾಡಿದರೆ ಆಯಿತು. ಚೇಂಜ್ ಆಫ್ ಆರ್ಡರ್ ಬಂದಾಗ ಲಿಮಿಟ್ಸ್ ಎಲ್ಲಿಂದ ಬರುತ್ತಿವೆ ಅಂತಲೇ ತಿಳಿಯುತ್ತಿರಲಿಲ್ಲ. ಬೋರ್ಡ್ ಮೇಲೆ ಒಂದು ಲಿಮಿಟ್ ಇರುತ್ತದೆ, ಮುಂದಿನ ಸಾಲಿನಲ್ಲಿ ಬೇರೆ ಇರುತ್ತದೆ, ನಡುವೆ ಏನಾಯಿತು? ಕ್ಲಾಸಿನಲ್ಲಿ ಅರ್ಧ ಜನ ಅದನ್ನು ಬಾಯಿಪಾಠ ಮಾಡಿದರು. ನಾನೂ ಅದೇ ಮಾಡುವವಳಿದ್ದೆ. ಒಂದು ಲೆಕ್ಕ ಅದನ್ನು ತಪ್ಪಿಸಿತು.

ಎಕ್ಸ್ ಸೊನ್ನೆಯಿಂದ ಇನ್ಫಿನಿಟಿ. ವೈ ಎಕ್ಸ್‌ನಿಂದ ಇನ್ಫಿನಿಟಿ. ಒಳಗೆ ಇ ಪವರ್ ಮೈನಸ್ ವೈ ಬೈ ವೈ. ಮೊದಲು ವೈ ಮೇಲೆ ಇಂಟಿಗ್ರೇಟ್ ಮಾಡಬೇಕು ಅಂತ ಕೊಟ್ಟಿದ್ದಾರೆ. ಮಾಡಿ ನೋಡಿ, ಬೈ ಪಾರ್ಟ್ಸ್ ಹಾಕಿ, ಸಬ್‌ಸ್ಟಿಟ್ಯೂಶನ್ ಹಾಕಿ, ಆಗುವುದಿಲ್ಲ. ನಮಗೆ ಗೊತ್ತಿರುವ ಯಾವ ಫಾರ್ಮುಲಾದಲ್ಲೂ ಅದು ಕೂರುವುದಿಲ್ಲ. ಅಕ್ಕ ಪೆನ್ಸಿಲ್ ತೆಗೆದುಕೊಂಡು ಎಕ್ಸ್ ವೈ ಗೆರೆ ಎಳೆದು, ವೈ ಸಮ ಎಕ್ಸ್ ಅಂತ ಓರೆ ಗೆರೆ ಎಳೆದು, ಅದರ ಮೇಲಿನ ಭಾಗಕ್ಕೆ ಗೀಟು ಹಾಕಿದರು. ಈಗ ಇರುವುದು ನಿಂತ ಪಟ್ಟಿ, ಕೆಳಗೆ ಓರೆ ಗೆರೆ ಮುಟ್ಟುತ್ತದೆ, ಮೇಲೆ ಕೊನೆಯಿಲ್ಲ. ಅದೇ ಜಾಗದಲ್ಲಿ ಮಲಗಿದ ಪಟ್ಟಿ ಎಳೆ ಅಂದರು. ಎಳೆದೆ. ಎಡಗಡೆ ಎಕ್ಸ್ ಸೊನ್ನೆ, ಬಲಗಡೆ ಓರೆ ಗೆರೆ, ಅಂದರೆ ಎಕ್ಸ್ ಸಮ ವೈ. ಆ ಪಟ್ಟಿ ಸೊನ್ನೆಯಿಂದ ಮೇಲೆ ಹೋಗುತ್ತಾ ಇರುತ್ತದೆ. ಈಗ ಮೊದಲು ಎಕ್ಸ್ ಮೇಲೆ ಇಂಟಿಗ್ರೇಟ್ ಮಾಡಿದರೆ ಒಳಗೆ ಎಕ್ಸ್ ಇಲ್ಲವೇ ಇಲ್ಲ, ಬರೀ ವೈ ಬಂದು ಗುಣಿಸುತ್ತದೆ, ಕೆಳಗಿದ್ದ ವೈ ಹೊಡೆದುಹೋಗುತ್ತದೆ. ಉಳಿದದ್ದು ಇ ಪವರ್ ಮೈನಸ್ ವೈ. ಸೊನ್ನೆಯಿಂದ ಇನ್ಫಿನಿಟಿ. ಉತ್ತರ ಒಂದು. ನಾನು ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. ಆರ್ಡರ್ ಯಾಕೆ ಬದಲಿಸಬೇಕು ಅಂತ ಯಾರಾದರೂ ಕೇಳಿದರೆ ಈ ಲೆಕ್ಕ ತೋರಿಸಿ, ಸಾಕು. ಪರೀಕ್ಷೆಯಲ್ಲೂ ಚಿತ್ರ ಬಿಡಿಸದೆ ಈ ಲೆಕ್ಕಕ್ಕೆ ಕೈ ಹಾಕಬೇಡಿ, ಚಿತ್ರಕ್ಕೂ ಮಾರ್ಕ್ಸ್ ಇರುತ್ತದೆ.

ಬೀಟಾ ಗಾಮಾ ಅದೇ ಮಾಡ್ಯೂಲ್‌ನಲ್ಲಿ ಬರುತ್ತದೆ. ಹೆಸರು ಕೇಳಿ ಹೆದರಬೇಡಿ. ಗಾಮಾ ಅಂದರೆ ಫ್ಯಾಕ್ಟೋರಿಯಲ್‌ನ ದೊಡ್ಡಣ್ಣ, ಅರ್ಧಕ್ಕೂ ಬೆಲೆ ಕೊಡುತ್ತದೆ. ಗಾಮಾ ಆಫ್ ಹಾಫ್ ರೂಟ್ ಪೈ ಅಂತ ತೋರಿಸುವುದು ಮತ್ತು ಬೀಟಾ ಗಾಮಾ ಸಂಬಂಧ, ಇವೆರಡನ್ನು ಬರೆದು ಬರೆದು ಕೈಗೆ ತಂದುಕೊಳ್ಳಿ.

ಐದನೆಯದು ಮ್ಯಾಟ್ರಿಕ್ಸ್. ರ್ಯಾಂಕ್, ಗಾಸ್ ಎಲಿಮಿನೇಷನ್, ಗಾಸ್ ಸೀಡಲ್, ಪವರ್ ಮೆಥಡ್. ಕ್ಯಾಲ್ಕುಲಸ್ ಇಲ್ಲ, ಬರೀ ಕೂಡುವುದು ಕಳೆಯುವುದು. ಮಾರ್ಕ್ಸ್ ತೆಗೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಕ್ಯಾಲ್ಕ್ಯುಲೇಟರ್ ಬೇಕೇ ಬೇಕು. ನಮ್ಮ ಪಿಯುಸಿ, ಸಿಇಟಿ ಎರಡರಲ್ಲೂ ಕ್ಯಾಲ್ಕ್ಯುಲೇಟರ್ ಬಿಡುವುದಿಲ್ಲವಲ್ಲ, ಅದನ್ನು ನಾನು ಕೈಯಲ್ಲಿ ಹಿಡಿದದ್ದೇ ಇಲ್ಲಿ. ಹೊಸದಕ್ಕೆ ಸಾವಿರದ ಮೇಲೆ ಆಗುತ್ತದೆ, ನಾನು ಫೈನಲ್ ಇಯರ್ ಅಕ್ಕನ ಹತ್ತಿರ 500 ರೂಪಾಯಿಗೆ ಹಳೆಯದು ತೆಗೆದುಕೊಂಡೆ. ಪ್ರೋಗ್ರಾಂ ಹಾಕಲು ಬರುವ ಮಾಡೆಲ್ ತರಬೇಡಿ, ಹಾಲ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಕ್ಯಾಲ್ಕುಲಸ್ ಲೆಕ್ಕ ಮಾಡುವಾಗ ಡಿಗ್ರಿ ಮೋಡ್ ಬಿಟ್ಟು ರೇಡಿಯನ್‌ಗೆ ಹಾಕಿಡಿ. ಪರೀಕ್ಷೆಯ ಹಿಂದಿನ ದಿನ ತಂದು ಪರೀಕ್ಷೆಯಲ್ಲೇ ಮೊದಲ ಸಲ ಒತ್ತುವುದು ಬೇಡ.

ಕಾಲೇಜ್ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪಾಸಿಂಗ್ ಪ್ಯಾಕೇಜ್ ಅಂತ ಸಿಗುತ್ತದೆ. ಬರುವ ಸಾಧ್ಯತೆ ಇರುವ ಲೆಕ್ಕಗಳನ್ನು ಬಿಡಿಸಿ ಸ್ಪೈರಲ್ ಹಾಕಿದ ಕಟ್ಟು. ನಾನು 80 ರೂಪಾಯಿ ಕೊಟ್ಟು ತಂದೆ. ಅದನ್ನು ಬೈಯುವವರು ಜಾಸ್ತಿ, ನನ್ನ ಅಭಿಪ್ರಾಯ ಬೇರೆ. ಯಾವ ಥರದ ಪ್ರಶ್ನೆ ಬರುತ್ತದೆ ಅಂತ ತಿಳಿಯಲು ಅದು ಒಳ್ಳೆಯದೇ. ಉತ್ತರ ಮಾತ್ರ ಮುಚ್ಚಿಟ್ಟು ನೀವೇ ಮಾಡಿ, ಯಾಕಂದರೆ ನನ್ನ ಕಟ್ಟಿನಲ್ಲಿ ಎರಡು ಕಡೆ ಉತ್ತರವೇ ತಪ್ಪಿತ್ತು, ಅದನ್ನು ಹಾಗೇ ಬಾಯಿಪಾಠ ಮಾಡಿದವರೂ ಇದ್ದರು. ಅದಕ್ಕಿಂತ ಹಳೇ ಪ್ರಶ್ನೆಪತ್ರಿಕೆ, ಮಾಡೆಲ್ ಪೇಪರ್ ವಾಸಿ.

ಪಾಸಾಗುವ ಲೆಕ್ಕವನ್ನೂ ಹೇಳಿಬಿಡುತ್ತೇನೆ, ನನಗೆ ಇದು ಅರ್ಧ ಸೆಮ್ ತನಕ ಸರಿಯಾಗಿ ಗೊತ್ತಿರಲಿಲ್ಲ. ಇಂಟರ್ನಲ್ 50ಕ್ಕೆ, ಕನಿಷ್ಠ 20 ಬೇಕು. ಅಷ್ಟು ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಮೇನ್ ಎಕ್ಸಾಮ್ 100ಕ್ಕೆ ಬರೆಯುತ್ತೇವೆ, ಅದರಲ್ಲಿ 35 ಬೇಕು, ಆಮೇಲೆ ಅದನ್ನು 50ಕ್ಕೆ ಇಳಿಸುತ್ತಾರೆ. ಎರಡೂ ಸೇರಿ 100ಕ್ಕೆ 40 ಆಗಬೇಕು. ಇಲ್ಲಿ ಒಂದು ಸಿಕ್ಕು ಇದೆ, ನೋಡಿ. ಇಂಟರ್ನಲ್ ಸರಿಯಾಗಿ 20, ಎಕ್ಸಾಮ್ ಸರಿಯಾಗಿ 35 ಬಂದರೆ ಒಟ್ಟು 38, ಅಂದರೆ ಎರಡನ್ನೂ ದಾಟಿಯೂ ಫೇಲ್. ಹಾಗಾಗಿ ಮೊದಲ ಇಂಟರ್ನಲ್ ಹೋದವರು ಮುಂದಿನದರಲ್ಲಿ, ಅಸೈನ್‌ಮೆಂಟಿನಲ್ಲಿ, ಲ್ಯಾಬಿನಲ್ಲಿ ಒಂದೊಂದು ಮಾರ್ಕೂ ಹಿಡಿಯಬೇಕು. ನನಗೆ ರಕ್ಷಣೆ ಆಗಿದ್ದು ಲ್ಯಾಬ್ ರೆಕಾರ್ಡು. ಬರೆದು ತಂದುಕೊಟ್ಟರೆ ಮಾರ್ಕ್ಸ್ ಬರುವ ಜಾಗ ಅದು, ಅಲ್ವಾ?

ಎಲ್ಲಾ ಸರಿಹೋಯಿತು ಅನ್ನುವಾಗ ಹಾಲ್ ಟಿಕೆಟ್ ಬಂತು, ಅದರಲ್ಲಿ ನನ್ನ ಹೆಸರು ತಪ್ಪು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಕಾಲೇಜಿನಲ್ಲಿ ಟೈಪ್ ಮಾಡಿದವರು ಮೂರನೇ ಥರ ಹಾಕಿದ್ದರು. ಪರೀಕ್ಷೆಗೆ ಓದಬೇಕಾದ ದಿನ ಆಫೀಸಿನ ಕಿಟಕಿ ಎದುರು ಕಳೆದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಆಮೇಲೆ ಸಿಸ್ಟಂ ಹ್ಯಾಂಗ್ ಆಗಿದೆ, ಆಮೇಲೆ ನಾಳೆ ಬಾ. ಕಾರಿಡಾರಿನ ಮೆಟ್ಟಿಲ ಮೇಲೆ ಕೂತು ಗಾಸ್ ಸೀಡಲ್ ಮಾಡಿದೆ. ಮಾರನೇ ದಿನ ಸರಿಯಾಯಿತು. ಪರೀಕ್ಷೆ ಫೀಸ್ ಕಟ್ಟುವಾಗಲೇ ಅವರು ತೋರಿಸುವ ಲಿಸ್ಟಿನಲ್ಲಿ ಹೆಸರಿನ ಸ್ಪೆಲ್ಲಿಂಗು, ಸಬ್ಜೆಕ್ಟ್ ಕೋಡು ಎರಡನ್ನೂ ಎಸ್‌ಎಸ್‌ಎಲ್‌ಸಿ ಕಾರ್ಡಿನ ಜೊತೆ ಹೋಲಿಸಿ ನೋಡಿ.

ಪರೀಕ್ಷೆ ಮೂರು ಗಂಟೆ. ಒಂದೊಂದು ಮಾಡ್ಯೂಲ್‌ನಿಂದ ಎರಡು ದೊಡ್ಡ ಪ್ರಶ್ನೆ, ಒಂದನ್ನು ಆರಿಸಬೇಕು, ಪ್ರತಿಯೊಂದಕ್ಕೂ 20 ಮಾರ್ಕ್ಸ್. ಒಂದು ಪ್ರಶ್ನೆಯೊಳಗೆ ಎ, ಬಿ, ಸಿ ಇರುತ್ತವೆ, ಸಾಮಾನ್ಯವಾಗಿ 7, 7, 6. ಮೊದಲ ಪ್ರಶ್ನೆಯ ಎ, ಎರಡನೇ ಪ್ರಶ್ನೆಯ ಬಿ ಅಂತ ಸೇರಿಸಿ ಬರೆಯುವಂತಿಲ್ಲ, ಇದು ಎಷ್ಟೋ ಜನಕ್ಕೆ ಹಾಲ್‌ನಲ್ಲೇ ಗೊತ್ತಾಗುತ್ತದೆ. ಲೆಕ್ಕ ಹಾಕಿದರೆ ಒಂದು ಮಾಡ್ಯೂಲ್‌ಗೆ 36 ನಿಮಿಷ. ನಾನು ಐದನೇ ಮಾಡ್ಯೂಲ್‌ನಿಂದ ಶುರುಮಾಡಿದೆ, ಕೈ ಬಿಸಿಯಾಗಲಿ ಅಂತ. ಆಮೇಲೆ ಮೂರು, ಎರಡು, ಒಂದು. ನಾಲ್ಕನೆಯದು ಕೊನೆಗೆ. ಟ್ರಿಪಲ್ ಇಂಟಿಗ್ರಲ್ ನಡುವೆ ಬೆಲ್ ಹೊಡೆಯಿತು, ಉತ್ತರ ಬರಲಿಲ್ಲ, ಆದರೆ ಮಾಡಿದಷ್ಟು ಸ್ಟೆಪ್ಪು ಹಾಗೇ ಬಿಟ್ಟು ಬಂದೆ. ಸ್ಟೆಪ್ಪಿಗೆ ಮಾರ್ಕ್ಸ್ ಇದೆ, ಹೊಡೆದುಹಾಕಬೇಡಿ. ಉತ್ತರಪತ್ರಿಕೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿದ್ದುತ್ತಾರೆ, ಹಾಗಾಗಿ ಮಸುಕು ಪೆನ್ನು ಬೇಡ, ಗೆರೆ ದಾಟಿ ಅಂಚಿನಲ್ಲಿ ಬರೆಯುವುದೂ ಬೇಡ.

ರಿಸಲ್ಟಿಗೆ ಕಾಯುವಾಗ ಎರಡನೇ ಸೆಮ್ ಕ್ಲಾಸು ಶುರುವಾಗಿಬಿಟ್ಟಿರುತ್ತದೆ. ಪಾಸೋ ಫೇಲೋ ಗೊತ್ತಿಲ್ಲದೆ ಮುಂದಿನ ಮ್ಯಾಥ್ಸ್ ಓದುವುದು ವಿಚಿತ್ರ ಅನುಭವ, ಯಾವುದಕ್ಕೂ ಮನಸ್ಸು ನಿಲ್ಲುವುದಿಲ್ಲ. ರಾತ್ರಿ ಮೆಸ್‌ನಲ್ಲಿ ಯಾರೋ ರಿಸಲ್ಟ್ ಬಿಟ್ಟರು ಅಂತ ಕೂಗಿದರು. ಯುಎಸ್‌ಎನ್ (ವಿಟಿಯು ಕೊಟ್ಟ ನಮ್ಮ ನಂಬರ್) ಟೈಪ್ ಮಾಡುವಾಗ ಕೈ ನಡುಗಿ ಎರಡು ಸಲ ತಪ್ಪಾಯಿತು. ಮ್ಯಾಥ್ಸ್ ಎದುರು ಪಿ, ಅಂದರೆ ಪಾಸ್, ಅಂತ ನೋಡಿ ಸೀದಾ ಊರಿಗೆ ಫೋನ್ ಮಾಡಿದೆ. ಅವ್ವ "ಗಣಿತದಾಗ ಪಾಸ್ ಆದ್ಯೇನವಾ? ಹಂಗಾರ ಉಳದದ್ದು ಏನು ಬಿಡು" ಅಂದಳು. ಉಳಿದದ್ದರಲ್ಲಿ ಕೆಮಿಸ್ಟ್ರಿ ಅಂಚಿನಲ್ಲಿ ಪಾಸಾಗಿದೆ ಅಂತ ಅವಳಿಗೆ ಇನ್ನೂ ಹೇಳಿಲ್ಲ.

ನನ್ನ ಜೊತೆ ಕೊನೇ ರೌಂಡಿನಲ್ಲಿ ಬಂದ ಇನ್ನೊಬ್ಬಳಿಗೆ ಕೆಲವೇ ಮಾರ್ಕಿನಲ್ಲಿ ಹೋಯಿತು. ಅಂಥವರು ಕೈ ಚೆಲ್ಲಿ ಕೂರಬೇಡಿ. ಉತ್ತರಪತ್ರಿಕೆಯ ಫೋಟೋಕಾಪಿ ತರಿಸಿ, ಮ್ಯಾಥ್ಸ್ ಲೆಕ್ಚರರ್‌ಗೆ ತೋರಿಸಿ, ಅವರು ಹಾಕು ಅಂದರೆ ಮಾತ್ರ ರೀವ್ಯಾಲ್ಯುಯೇಷನ್‌ಗೆ ಹಾಕಿ, ಸುಮ್ನೆ ಆಸೆಗೆ ದುಡ್ಡು ಕಟ್ಟಬೇಡಿ. ಎರಡಕ್ಕೂ ಕೊನೇ ದಿನಾಂಕ ಬೇಗ ಬರುತ್ತದೆ, ರಿಸಲ್ಟ್ ಬಂದ ಮಾರನೇ ದಿನವೇ ಆಫೀಸಿನ ನೋಟಿಸ್ ಬೋರ್ಡ್ ನೋಡಿ.

ಪಾಸಾದವರು ನೋಟ್ಸ್ ಮಾರಿಬಿಡಬೇಡಿ. ಸೆಕೆಂಡ್ ಸೆಮ್‌ನಲ್ಲಿ ನಮಗೆ ವೆಕ್ಟರ್ ಕ್ಯಾಲ್ಕುಲಸ್ ಮತ್ತು ಲ್ಯಾಪ್ಲಾಸ್ ಇದೆ. ಮೊದಲನೆಯದಕ್ಕೆ ಪಾರ್ಶಿಯಲ್ ಡಿಫರೆನ್ಶಿಯೇಷನ್ ಬೇಕು, ಎರಡನೆಯದಕ್ಕೆ ಬೈ ಪಾರ್ಟ್ಸು, ಅದರ ಜೊತೆ ಗಾಮಾ ಫಂಕ್ಷನ್ನೂ ಬಂದು ಕೂರುತ್ತದೆ. ಮಾರುವುದಾದರೆ ಪಾಸಿಂಗ್ ಪ್ಯಾಕೇಜ್ ಮಾರಿ, ನನ್ನದು 40 ರೂಪಾಯಿಗೆ ಹೋಯಿತು. ತಪ್ಪಿದ್ದ ಎರಡು ಉತ್ತರದ ಪಕ್ಕ ಸರಿಯಾದದ್ದನ್ನು ಬರೆದೇ ಕೊಟ್ಟಿದ್ದೇನೆ.